ಮೊದಲ ಕದಡನ್ನು ಚೆಲ್ಲುವ ವಿವೇಕ

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಅಹಮದಾಬಾದಿನ ನಮ್ಮ ಸೊಸೈಟಿಯಲ್ಲಿ ಒಂದು ಸಭೆ ಸೇರಿತ್ತು. ವಿಷಯ ಒಂದೇ: ಬತ್ತುತ್ತಿರುವ ಕೊಳವೆಬಾವಿಯಿಂದ ಕೆಲವೇ ಮಾರು ದೂರದಲ್ಲಿ ಮಳೆನೀರನ್ನು ಇಂಗಿಸಲು ಇನ್ನೊಂದು ಕೊಳವೆ ಕೊರೆಸುವುದು. ತಾರಸಿಯ ನೀರು, ವಾಹನ ನಿಲ್ಲಿಸುವ ಅಂಗಳದ ನೀರು ಎರಡನ್ನೂ ಒಂದೇ ಪೈಪಿಗೆ ಕೂಡಿಸಿ ನೇರವಾಗಿ ಆಳಕ್ಕೆ ಇಳಿಸುವುದೆಂದು ಗುತ್ತಿಗೆದಾರ ನಕ್ಷೆ ತಂದಿದ್ದ. ಬಾಯಿಗೆ ಒಂದು ಜಾಲರಿ, ಅದರ ಮೇಲೆ ಒಂದಿಷ್ಟು ಜಲ್ಲಿ. ಅಂಗಳದ ಕೊಳೆಯೂ ಜೊತೆಗೆ ಇಳಿಯುವುದಲ್ಲವೇ ಎಂದು ಯಾರೋ ಕೇಳಿದರು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿ, "ಧರತೀಮಾ ಬಧೂಂ ಗಾಳೀ ನಾಖೇ ಛೇ" ಎಂದರು. ಭೂಮಿತಾಯಿ ಎಲ್ಲವನ್ನೂ ಸೋಸಿಬಿಡುತ್ತಾಳೆ ಎಂದು ಅರ್ಥ. ಸಭೆ ತಲೆದೂಗಿತು.

ನಾವು ಸುಮ್ಮನೆ ಕುಳಿತಿದ್ದೆವು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮಗೆ ಈ ನಗರ ಮೂರನೆಯ ಬಿಡಾರ. ಮೊದಲು ಸೂರತ್, ಅನಂತರ ವಡೋದರಾ, ಈಗ ಇದು. ಬಾಡಿಗೆಯ ಮನೆ, ವರ್ಗಾವಣೆಯ ಬದುಕು, ಮುರುಕು ಗುಜರಾತಿ. ಊರವರ ನೀರಿನ ವಿಷಯದಲ್ಲಿ ಪರಊರಿನವರು ಬಾಯಿ ಹಾಕುವುದೇಕೆ ಎಂಬ ಸಂಕೋಚ. ಹೊರನಾಡಿನಲ್ಲಿರುವ ಅನೇಕ ಕನ್ನಡಿಗರಿಗೆ ಈ ಸಂಕೋಚ ಪರಿಚಿತವೆಂದು ನಾವು ಬಲ್ಲೆವು. ಅದನ್ನು ನಾವು ಸಭ್ಯತೆಯೆಂದು ಕರೆದುಕೊಳ್ಳುತ್ತೇವೆ.

ಮಳೆ ಬಂತು. ಆಷಾಢ ಮುಗಿಯುವ ಹೊತ್ತಿಗೆ ನಲ್ಲಿಯ ನೀರು ತುಸು ಹಾಲಿಗೆ ತಿರುಗಿತು. ಕೆಸರಲ್ಲ, ಬಗ್ಗಡವೂ ಅಲ್ಲ. ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿದರೆ ಮಾತ್ರ ಕಾಣುವ ಮಂಜು. ರಾತ್ರಿಯಿಡೀ ಇಟ್ಟರೂ ತಳಕ್ಕೆ ಇಳಿಯಲಿಲ್ಲ, ಕಾಯಿಸಿದರೂ ಹೋಗಲಿಲ್ಲ. ನೆರೆಯವರೊಬ್ಬರು ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಯಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇವೆಯೆಂಬ ವರದಿ ಬಂತು. ಆ ತಿಂಗಳು ನಮ್ಮ ಸಾಲಿನ ಎರಡು ಮನೆಗಳಲ್ಲಿ ಮಕ್ಕಳಿಗೆ ವಾಂತಿಭೇದಿಯಾಯಿತು. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ನಾವು ಸಾಧಿಸಲಾರೆವು. ಆದರೆ ಸಭೆಯಲ್ಲಿ ನಮಗೆ ನೆನಪಾಗಿಯೂ ನಾವು ಹೇಳದೆ ಉಳಿದ ಒಂದು ಸಂಗತಿಯಿತ್ತು. ಈ ಬರಹ ಆ ಮೌನಕ್ಕೆ ತಡವಾಗಿ ಕೊಡುತ್ತಿರುವ ತೆರಿಗೆ.

ನೆನಪಾದದ್ದು ವೇದಾವತಿಯ ಒರತೆ. ಚಿತ್ರದುರ್ಗದ ಸೀಮೆಯಲ್ಲಿ ಬೇಸಿಗೆಯ ಹೊಳೆಯೆಂದರೆ ಮರಳಿನ ಬಯಲು. ನಮ್ಮ ಅಜ್ಜಿ ಕೈಯಿಂದಲೇ ಮರಳು ತೋಡಿ, ತಳದಲ್ಲಿ ನೀರು ಜಿನುಗುವವರೆಗೆ ಕಾಯುತ್ತಿದ್ದರು. ಜಿನುಗಿದ ಮೊದಲ ನೀರು ಕದಡಿರುತ್ತಿತ್ತು. ಅದನ್ನು ತೆಂಗಿನ ಕರಟದಲ್ಲಿ ಮೊಗೆದು ದೂರ ಚೆಲ್ಲುತ್ತಿದ್ದರು. ಎರಡನೆಯ ಸಲ ತುಂಬಿದ್ದನ್ನೂ ಚೆಲ್ಲುತ್ತಿದ್ದರು. ಮೂರನೆಯದೋ ನಾಲ್ಕನೆಯದೋ ತಿಳಿಯಾದ ಮೇಲೆ, ಬಿಂದಿಗೆಯ ಬಾಯಿಗೆ ಹಳೆಯ ಸೀರೆಯ ತುಂಡನ್ನು ಕಟ್ಟಿ ನಿಧಾನವಾಗಿ ಹೊಯ್ಯುತ್ತಿದ್ದರು. ಅವಸರಪಟ್ಟು ಆಳಕ್ಕೆ ಕೈ ಹಾಕಿದರೆ ಬೈಗುಳ ಬೀಳುತ್ತಿತ್ತು: "ಕಲಕಬ್ಯಾಡ, ಅದರ ಪಾಡಿಗೆ ಅದು ಬರ್ಲಿ."

ಒರತೆ, ಚಿಲುಮೆ, ಪಾವಗಡದ ಕಡೆಯ ತಲಪರಿಗೆ ಇವೆಲ್ಲ ಮರಳಿನ ಮೇಲಿನ ನಂಬಿಕೆಯಿಂದ ಹುಟ್ಟಿದ ಪದಗಳು. ಗುಜರಾತಿಯಲ್ಲಿ ಹೊಳೆಯ ಪಾತ್ರದಲ್ಲಿ ತೋಡಿದ ಗುಂಡಿಗೆ 'ವೀರಡೋ' ಎನ್ನುತ್ತಾರೆ. ಕಚ್ಛದ ಬನ್ನಿ ಹುಲ್ಲುಗಾವಲಿನ ಮಾಲಧಾರಿಗಳು ತೋಡುವ ವೀರಡಾಗಳಲ್ಲಿ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತ ಮಳೆಯ ಸಿಹಿನೀರು ದೊರೆಯುತ್ತದೆ. ಸಭೆಯ ಆ ಹಿರಿಯರು ಬಳಸಿದ 'ಗಾಳೀ' ಎಂಬ ಪದವೂ ನಮಗೆ ಹೊಸದಲ್ಲ. ನಾವೂ ನೀರನ್ನು ಗಾಳಿಸುತ್ತೇವೆ. ಪದ ಒಂದೇ, ನಂಬಿಕೆಯೂ ಒಂದೇ. ಆದರೆ ಆ ನಂಬಿಕೆಯ ಜೊತೆಗೆ ನಮ್ಮ ಹಿರಿಯರು ಇಟ್ಟುಕೊಂಡಿದ್ದ ಎಚ್ಚರವನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಮರಳು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ, ಹಿಡಿದದ್ದನ್ನು ಯಾವಾಗ ಕೈಬಿಡುತ್ತದೆ ಎಂಬುದನ್ನು ತಿಳಿಯದೆ ಅದರ ಮೇಲೆ ಭಾರ ಹಾಕುವುದು ಭಕ್ತಿಯಲ್ಲ, ಉದಾಸೀನ ಎಂಬುದು ನಮ್ಮ ಅಭಿಪ್ರಾಯ.

ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಈ ವಿಷಯದಲ್ಲಿ ಅಧಿಕಾರವಿಲ್ಲ. ಆದರೂ ಆ ಲೋಟದ ಮಂಜು ನಮ್ಮನ್ನು ಪುಸ್ತಕಗಳ ಬಳಿಗೆ ಓಡಿಸಿತು. ಅಲ್ಲಿ ಕಲಿತ ಮೊದಲ ಪಾಠವೇ ನಮ್ಮ ಕಲ್ಪನೆಯನ್ನು ತಲೆಕೆಳಗು ಮಾಡಿತು. ಮರಳು ಜರಡಿಯಲ್ಲ. ಮರಳಿನ ಕಣಗಳ ನಡುವಿನ ಸಂದುಗಳು ಸಾಮಾನ್ಯವಾಗಿ ಹತ್ತಾರರಿಂದ ನೂರಾರು ಮೈಕ್ರಾನ್ ಅಗಲವಿರುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಜೇಡಿಮಣ್ಣಿನ ಕಣ 2 ಮೈಕ್ರಾನಿಗಿಂತ ಚಿಕ್ಕದು, ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್. ಮನೆಯ ಹೆಬ್ಬಾಗಿಲಲ್ಲಿ ಜಿರಳೆಗೆ ಇರುವಷ್ಟು ಅವಕಾಶ ಅದಕ್ಕಿದೆ. ಪೋಲಿಯೋ ವೈರಸ್ಸಂತೂ ಅದಕ್ಕಿಂತ ಮೂವತ್ತು ಪಟ್ಟು ಚಿಕ್ಕದು. ಸಂದಿನ ಅಳತೆಯೊಂದೇ ಲೆಕ್ಕಕ್ಕೆ ಬರುವುದಾಗಿದ್ದರೆ ಒರತೆಯ ನೀರು ಎಂದೂ ತಿಳಿಯಾಗುತ್ತಿರಲಿಲ್ಲ.

ಹಾಗಾದರೆ ಮರಳು ಸೋಸುವುದು ಹೇಗೆ? ಅಂಟಿಸಿಕೊಳ್ಳುವುದರಿಂದ. ನೀರಿನೊಡನೆ ಸಾಗುವ ಕಣ ಮೊದಲು ಮರಳಿನ ಮೈಗೆ ತಾಗಬೇಕು, ತಾಗಿದ ಮೇಲೆ ಅಂಟಬೇಕು. ತಾಗುವ ಬಗೆಗಳು ಮೂರು ಎಂದು 1971ರಲ್ಲಿ ಯಾವೊ, ಹಬೀಬಿಯನ್ ಮತ್ತು ಒಮೆಲಿಯಾ ಎಂಬ ಮೂವರು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ತುಸು ದಪ್ಪನೆಯ ಕಣಗಳು ತಮ್ಮ ಭಾರದಿಂದಲೇ ಇಳಿದು ಮರಳಿನ ಮೇಲೆ ಕೂರುತ್ತವೆ. ಕೆಲವು ನೀರಿನ ಎಳೆಯೊಡನೆ ಸಾಗುತ್ತಲೇ ಮರಳಿನ ಮೈಗೆ ಉಜ್ಜಿ ನಿಲ್ಲುತ್ತವೆ. ಅತಿ ಸಣ್ಣವು ನೀರಿನ ಅಣುಗಳ ತಳ್ಳಾಟಕ್ಕೆ ಸಿಕ್ಕು ದಿಕ್ಕಿಲ್ಲದೆ ಅಲೆದಾಡಿ ಮರಳಿಗೆ ಬಡಿಯುತ್ತವೆ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಕಂಡ, 1905ರಲ್ಲಿ ಐನ್‌ಸ್ಟೈನ್ ವಿವರಿಸಿದ ಅಲೆದಾಟವೇ ಇದು. ಇವೆರಡರ ನಡುವೆ, ಸುಮಾರು ಒಂದು ಮೈಕ್ರಾನಿನ ಆಸುಪಾಸಿನ ಕಣಗಳಿವೆ. ಇಳಿದು ಕೂರಲು ಅವುಗಳಿಗೆ ಭಾರ ಸಾಲದು. ಅಲೆದಾಡಲು ಅವು ಅಷ್ಟು ಹಗುರವೂ ಅಲ್ಲ. ಮರಳಿನ ಕೈಗೆ ಎಲ್ಲಕ್ಕಿಂತ ಕಡಿಮೆ ಸಿಗುವವು ಇವೇ. ಅನೇಕ ಬ್ಯಾಕ್ಟೀರಿಯಾಗಳ ಗಾತ್ರವೂ ಇದೇ ಆಗಿರುವುದು ನಮ್ಮ ದುರದೃಷ್ಟ.

ತಾಗಿದರೂ ಅಂಟುವ ಭರವಸೆಯಿಲ್ಲ. ಮರಳಿನ ಮೈ, ಜೇಡಿಯ ಕಣ, ಬ್ಯಾಕ್ಟೀರಿಯಾ ಇವೆಲ್ಲ ನೀರಿನಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶವನ್ನು ಹೊತ್ತಿರುತ್ತವೆ, ಒಂದನ್ನೊಂದು ದೂಡುತ್ತವೆ. ಆ ದೂಡುವಿಕೆಯನ್ನು ತಗ್ಗಿಸುವುದು ನೀರಿನಲ್ಲಿ ಕರಗಿದ ಉಪ್ಪು, ಅದರಲ್ಲೂ ಸುಣ್ಣದಂತಹ ಅಂಶ. ಉಪ್ಪು ಹೆಚ್ಚಿದ್ದರೆ ಕಣಗಳು ಹತ್ತಿರ ಬಂದು ಅಂಟುತ್ತವೆ. ನೀರು ಸಪ್ಪೆಯಾದರೆ ಬಿಟ್ಟುಕೊಳ್ಳುತ್ತವೆ. ನಾವು ಹಂಡೆಯ ನೀರಿನಲ್ಲಿ ತಿರುಗಿಸುವ ಪಟಿಕವೂ ಹೀಗೆಯೇ ಆ ದೂಡುವಿಕೆಯನ್ನು ಮುರಿದು ಕಣಗಳನ್ನು ಗುಂಪುಗೂಡಿಸುತ್ತದೆ. ಆದಿಶಂಕರರ ಹೆಸರಿನಲ್ಲಿರುವ ಆತ್ಮಬೋಧದಲ್ಲಿ ಜ್ಞಾನಕ್ಕೆ ಉಪಮೆಯಾಗಿ ಬರುವ ಕತಕಬೀಜದ ಪುಡಿಯೂ, ಅಂದರೆ ನಮ್ಮ ಚಿಲ್ಲದ ಬೀಜವೂ, ಕದಡನ್ನು ಕೂಡಿಸಿಕೊಂಡು ತಳಕ್ಕೆ ಇಳಿಯುತ್ತದೆ.

ಈ ಒಂದು ಮಾತು ತಿಳಿದೊಡನೆ ನಮ್ಮ ಮೂರು ಬಿಡಾರಗಳೂ ನಮಗೆ ಬೇರೆಯಾಗಿ ಕಾಣತೊಡಗಿದವು.

ಸೂರತ್ತಿನಿಂದ ಆರಂಭಿಸೋಣ. ಇಂಗ್ಲೆಂಡಿನ ದೊರೆಯ ರಾಯಭಾರಿ ಸರ್ ಥಾಮಸ್ ರೋ 1615ರ ಸೆಪ್ಟೆಂಬರಿನಲ್ಲಿ ಬಂದಿಳಿದದ್ದು ಸೂರತ್ ಪಟ್ಟಣದಲ್ಲಲ್ಲ, ಸಮುದ್ರದ ಕಡೆಯ ಸುವಾಲಿಯಲ್ಲಿ. ತಾಪಿಯ ಮುಖ ಹೂಳಿನಿಂದ ಆಳ ಕಳೆದುಕೊಂಡಿದ್ದರಿಂದ ದೊಡ್ಡ ಹಡಗುಗಳು ಸುವಾಲಿಯಲ್ಲೇ ಲಂಗರು ಹಾಕುತ್ತಿದ್ದವು. ಎಂ.ಎ. ತರಗತಿಯಲ್ಲಿ ಓದಿದ ಈ ಸಂಗತಿಗೂ ನಮ್ಮ ನಲ್ಲಿಯ ಮಂಜಿಗೂ ಒಂದೇ ಕಾರಣವಿದೆ. ದಖ್ಖಣದ ಕಪ್ಪುಮಣ್ಣಿನಿಂದ ತಾಪಿ ಹೊತ್ತು ತಂದ ಜೇಡಿಯ ಕಣಗಳು ನೂರಾರು ಮೈಲಿ ಸಿಹಿನೀರಿನಲ್ಲಿ ಒಂದನ್ನೊಂದು ದೂಡಿಕೊಂಡು ತೇಲಿ ಬರುತ್ತವೆ. ಕಡಲ ಉಪ್ಪು ತಾಗಿದೊಡನೆ ಗುಂಪುಗೂಡಿ ತಳಕ್ಕೆ ಇಳಿಯುತ್ತವೆ. ಇಂದು ಸಿಂಗಣಪೋರದ ಬಳಿಯ ಒಡ್ಡು ಭರತದ ಉಪ್ಪುನೀರನ್ನು ಕೆಳಗೆ ತಡೆದು, ಮೇಲೆ ಸಿಹಿನೀರು ನಿಲ್ಲಿಸಿ ನಗರಕ್ಕೆ ಕೊಡುತ್ತಿದೆ. ಸಂಜೆ ಅದರ ಮೇಲೆ ನಿಂತು ಎರಡು ಬದಿಯ ನೀರನ್ನು ನೋಡುತ್ತಿದ್ದಾಗ, ನಡುವೆ ಇರುವುದು ಮಣ್ಣಿನ ವರ್ತನೆಯನ್ನೇ ಬದಲಿಸುವ ಗೆರೆ ಎಂಬುದು ನಮಗೆ ಹೊಳೆದಿರಲಿಲ್ಲ.

ವಡೋದರಾದಲ್ಲಿ ನಾವು ನಾಲ್ಕು ವರ್ಷ ಕುಡಿದದ್ದು ಬಹುಮಟ್ಟಿಗೆ ಮಹೀ ನದಿಯ ಮರಳು ಸೋಸಿ ಕೊಟ್ಟ ನೀರು. ಮೂರನೆಯ ಸಯಾಜಿರಾವ್ ಗಾಯಕವಾಡರು ಕಟ್ಟಿಸಿದ ಆಜವಾ ಸರೋವರ ಒಂದು ಕಾಲಕ್ಕೆ ಸಾಕಾಗಿತ್ತು. ನಗರ ಬೆಳೆದ ಮೇಲೆ ಫಾಜಲಪುರ, ರಾಯಕಾ, ದೋಡಕಾ, ಪೋಯಿಚಾಗಳಲ್ಲಿ ಮಹೀ ಪಾತ್ರದೊಳಗೆ 'ಫ್ರೆಂಚ್ ವೆಲ್'ಗಳು ಬಂದವು. ನದಿಯ ಮರಳಿನಲ್ಲಿ ಇಳಿಸಿದ ಬೃಹತ್ ಕಾಂಕ್ರೀಟ್ ಬಾವಿ, ಅದರ ತಳದಿಂದ ಚಕ್ರದ ಅರಗಳಂತೆ ಅಡ್ಡಲಾಗಿ ಮರಳಿನೊಳಗೆ ಚಾಚಿದ ತೂತುಕೊಳವೆಗಳು. ನದಿಯ ನೀರು ಮರಳಿನ ದಪ್ಪ ಹಾಸನ್ನು ದಾಟಿಯೇ ಈ ಕೊಳವೆಗಳಿಗೆ ಬರಬೇಕು. ಇದು ನಮ್ಮ ಅಜ್ಜಿಯ ಒರತೆಯೇ. ಅಳತೆ ಮಾತ್ರ ಬೇರೆ. ದಾರಿಯಲ್ಲಿ ಕಣಗಳು ಅಂಟುತ್ತವೆ, ಮರಳಿನ ಮೇಲೆ ಬೆಳೆದ ಸೂಕ್ಷ್ಮಜೀವಿಗಳ ಪದರ ರೋಗಾಣುಗಳನ್ನು ತಿಂದು ಹಾಕುತ್ತದೆ. ಆದರೆ ಈ ಏರ್ಪಾಡಿನ ಬಲವೆಲ್ಲ ಆ ಹಾಸಿನ ದಪ್ಪದಲ್ಲಿ, ನೀರಿನ ನಿಧಾನದಲ್ಲಿ ಇದೆ. ಹಾಸು ತೆಳುವಾದರೆ ದಾರಿ ಚಿಕ್ಕದಾಗುತ್ತದೆ, ವೇಗ ಹೆಚ್ಚಿದರೆ ಅಂಟುವ ಅವಕಾಶ ಕುಗ್ಗುತ್ತದೆ.

ಆದ್ದರಿಂದ ನದಿಯ ಮರಳನ್ನು ಕಟ್ಟಡದ ಸಾಮಗ್ರಿಯೆಂದು ಮಾತ್ರ ಎಣಿಸುವ ನಮ್ಮ ಆಡಳಿತದ ರೂಢಿಯನ್ನು ನಾವು ಒಪ್ಪಲಾರೆವು. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರಳಿನಂತಹ ಕಿರುಖನಿಜಗಳ ಚಿಕ್ಕ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಆದರೂ ರಾತ್ರಿಯ ಹೆದ್ದಾರಿಯಲ್ಲಿ ನೀರು ಸೋರಿಸುತ್ತ ಸಾಗುವ ಲಾರಿಗಳನ್ನು ಇಲ್ಲಿಯೂ ಕಂಡಿದ್ದೇವೆ, ಊರಿನಲ್ಲಿಯೂ ಕಂಡಿದ್ದೇವೆ. ವೇದಾವತಿಯಲ್ಲಿ ಅಜ್ಜಿ ಒರತೆ ತೋಡುತ್ತಿದ್ದ ಜಾಗದಲ್ಲಿ ಈಗ ಜಾಲಿ ಬೆಳೆದ ಗಟ್ಟಿ ನೆಲವಿದೆ. ಅಲ್ಲಿಂದ ಹೋದದ್ದು ಮರಳೊಂದೇ ಅಲ್ಲ. ಒಂದು ಊರಿನ ನೀರುಮನೆಯೇ ಹೋಯಿತು. ನದಿಯ ಮರಳು ನೀರು ಸರಬರಾಜು ವ್ಯವಸ್ಥೆಯ ಒಂದು ಅಂಗವೆಂದು ಕಾಗದದ ಮೇಲೆ ಬರೆಯುವ ದಿನ ಬರಬೇಕು.

ಅಹಮದಾಬಾದಿಗೆ ಮರಳಿ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನಗರಕ್ಕೆ ನಲ್ಲಿಯ ನೀರು, ಒಳಚರಂಡಿ ಬೇಕೆಂದು ಹಟ ಹಿಡಿದವರು ಇಲ್ಲಿಯ ಮೊದಲ ಹತ್ತಿಗಿರಣಿಯ ಸ್ಥಾಪಕ, ಪುರಸಭೆಯ ಅಧ್ಯಕ್ಷ ರಣಛೋಡಲಾಲ್ ಛೋಟಾಲಾಲ್. ಊರೊಳಗಿನ ಬಾವಿಗಳು ಮಲಗುಂಡಿಗಳ ಸಹವಾಸದಿಂದ ಕೆಟ್ಟಿದ್ದರೂ ಜನ ಅವರನ್ನು ವಿರೋಧಿಸಿದರು. ತೆರಿಗೆಯ ಭಯ, ಹೊಸತರ ಭಯ. ಕೊನೆಗೆ ದೂಧೇಶ್ವರದ ಬಳಿ ಸಾಬರಮತಿಯ ನೀರು ನಗರಕ್ಕೆ ಏರಿತು. ಬಾವಿಯ ಕಣ್ಣಿಗೆ ಕಾಣುವ ತಿಳಿಯನ್ನೇ ಶುದ್ಧಿಯೆಂದು ನಂಬಿದ್ದ ಜನಕ್ಕೆ ತಿಳಿನೀರೂ ಕೊಲ್ಲಬಲ್ಲದೆಂದು ಹೇಳುವುದು ಅಂದೂ ಸುಲಭವಿರಲಿಲ್ಲ.

ಅದೇ ಕಾಲದಲ್ಲಿ, 1892ರಲ್ಲಿ, ಜರ್ಮನಿಯಲ್ಲಿ ಒಂದು ಕ್ರೂರ ಪರೀಕ್ಷೆ ನಡೆಯಿತು. ಹ್ಯಾಂಬರ್ಗ್ ಮತ್ತು ಆಲ್ಟೋನಾ ಒಂದಕ್ಕೊಂದು ಅಂಟಿದ ಊರುಗಳು, ಎರಡಕ್ಕೂ ಎಲ್ಬ್ ನದಿಯ ನೀರೇ. ಆಲ್ಟೋನಾ ಹ್ಯಾಂಬರ್ಗಿನ ಕೊಚ್ಚೆ ಸೇರಿದ ಮೇಲಿನ ನೀರನ್ನು ಎತ್ತುತ್ತಿತ್ತು, ಆದರೆ ಮರಳಿನಲ್ಲಿ ನಿಧಾನವಾಗಿ ಸೋಸಿ ಕೊಡುತ್ತಿತ್ತು. ಹ್ಯಾಂಬರ್ಗ್ ಸೋಸದೆ ಕೊಡುತ್ತಿತ್ತು. ಕಾಲರಾ ಬಂದಾಗ ಹ್ಯಾಂಬರ್ಗಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನಾ ಬಹುಮಟ್ಟಿಗೆ ಉಳಿಯಿತು. ಮರಳನ್ನು ನಂಬಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಅಲ್ಲಿ ಮರಳಿಗೆ ಹಾಸು ಇತ್ತು, ನಿಧಾನವಿತ್ತು, ಕಾಯುವವರಿದ್ದರು.

ನಮ್ಮ ಸೊಸೈಟಿಯ ಕೊಳವೆಯಲ್ಲಿ ಇವು ಮೂರೂ ಇರಲಿಲ್ಲ. ಮಳೆಯ ನೀರು ಆಳಕ್ಕೆ ಇಂಗಬೇಕಾದರೆ ಈ ಭಾಗದ ಗೋರಾಡು ಮಣ್ಣಿನ, ಅದರ ಕೆಳಗಿನ ಮರಳಿನ ಎಷ್ಟೋ ಅಡಿಗಳನ್ನು ದಾಟಬೇಕು. ಅದಕ್ಕೆ ತಿಂಗಳುಗಳು, ವರ್ಷಗಳು ಬೇಕು. ಕೊಳವೆ ಆ ದಾರಿಯನ್ನೇ ತಪ್ಪಿಸಿ ನೀರನ್ನು ಗಳಿಗೆಯಲ್ಲಿ ಕೆಳಗೆ ಇಳಿಸುತ್ತದೆ. ಎಲ್ಲವನ್ನೂ ಸೋಸುವ ಭೂಮಿತಾಯಿಗೆ ಸೋಸುವ ಅವಕಾಶವನ್ನೇ ನಾವು ಕೊಡಲಿಲ್ಲ.

ಇನ್ನೊಂದು ತಪ್ಪೂ ಆಯಿತು. ಇಲ್ಲಿಯ ಆಳದ ನೀರು ಉಪ್ಪುಪ್ಪು. ಅಲ್ಲಿಯ ಮರಳಿಗೆ ಜೇಡಿಯ ಕಣಗಳು ಆ ಉಪ್ಪಿನ ಆಸರೆಯಿಂದಲೇ ಅಂಟಿಕೊಂಡಿರುತ್ತವೆ. ಮೇಲಿನಿಂದ ಉಪ್ಪಿಲ್ಲದ ಮಳೆನೀರು ಧಡಕ್ಕನೆ ಇಳಿದಾಗ ಅವು ಹಿಡಿತ ಬಿಟ್ಟು ಹೊರಡುತ್ತವೆ. ಒಂದಿಷ್ಟು ನೀರಿನೊಡನೆ ಸಾಗಿ ಪಕ್ಕದ ಬಾವಿಯಲ್ಲಿ ಮಂಜಾಗಿ ಕಾಣುತ್ತವೆ. ಉಳಿದವು ಸಂದುಗಳನ್ನು ಕಟ್ಟಿ ಇಂಗುವ ದಾರಿಯನ್ನೇ ಮುಚ್ಚುತ್ತವೆ. ಮಳೆನೀರು ಶುದ್ಧವಾದದ್ದು, ಅದರಿಂದ ಕೇಡೇನು ಎಂದು ನಾವೂ ಎಣಿಸಿದ್ದೆವು. ಸಪ್ಪೆಯ ನೀರು ಹಳೆಯ ಕೊಳೆಯನ್ನು ಎಬ್ಬಿಸಬಲ್ಲದೆಂದು, ಮರಳು ಹಿಡಿದಿಟ್ಟ ವೈರಸ್ಸುಗಳನ್ನೂ ಬಿಡಿಸಬಲ್ಲದೆಂದು ನಮಗೆ ತಿಳಿದಿರಲಿಲ್ಲ. ವಡೋದರಾ, ಭರೂಚ್ ಸೀಮೆಯ ಕಾನಮ್ ಕಪ್ಪುನೆಲದಲ್ಲಿ ಇದರ ಇನ್ನೊಂದು ಬಗೆಯಿದೆ. ನಮ್ಮ ಧಾರವಾಡ, ಗದಗಿನ ಎರೆಯಂತೆ ಆ ನೆಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಮೇಲಿನ ಗೊಬ್ಬರ, ಔಷಧಿ, ಕಸವನ್ನೆಲ್ಲ ಹೊತ್ತು ಆ ಬಿರುಕುಗಳಲ್ಲಿ ಸೋಸಿಕೊಳ್ಳದೆ ಇಳಿಯುತ್ತದೆ. ಮಳೆ ಮುಂದುವರಿದು ನೆಲ ಉಬ್ಬಿ ಬಿರುಕು ಮುಚ್ಚಿದ ಮೇಲೆಯೇ ಮಣ್ಣು ತನ್ನ ಕೆಲಸ ಆರಂಭಿಸುವುದು.

ಜೇಡಿಯ ಕಣ ತಾನೊಂದೇ ಹೋಗುವುದಿಲ್ಲ ಎಂಬುದು ಇನ್ನೂ ಗಂಭೀರವಾದ ಸಂಗತಿ. ಅದರ ಗಾತ್ರ ಕಿರಿದಾದರೂ ಮೈಯ ಹರವು ಹಿರಿದು. ಸೀಸದಂತಹ ಲೋಹಗಳು, ಅನೇಕ ಕೀಟನಾಶಕಗಳು ಆ ಮೈಗೆ ಅಂಟಿಕೊಂಡು ಸವಾರಿ ಮಾಡುತ್ತವೆ. ಅಮೆರಿಕದ ನೆವಾಡಾದಲ್ಲಿ 1968ರಲ್ಲಿ ನೆಲದಡಿ ನಡೆಸಿದ ಒಂದು ಅಣುಸ್ಫೋಟದ ಪ್ಲುಟೋನಿಯಂ 1.3 ಕಿಲೋಮೀಟರ್ ದೂರದ ಬಾವಿಯಲ್ಲಿ ಸಿಕ್ಕಿತೆಂದು 1999ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನೀರಿನಲ್ಲಿ ಸುಲಭವಾಗಿ ಕರಗದ, ಕಲ್ಲಿಗೆ ಅಂಟಿ ನಿಲ್ಲಬೇಕಾಗಿದ್ದ ಅದು ಕಲಿಲ ಕಣಗಳ ಬೆನ್ನೇರಿ ಅಷ್ಟು ದೂರ ಸಾಗಿತ್ತು. ಕರಗುವುದಿಲ್ಲ, ಆದ್ದರಿಂದ ಹರಿಯುವುದಿಲ್ಲ ಎಂಬ ಸಮಾಧಾನ ಅಂದಿಗೆ ಮುರಿಯಿತು. ವಡೋದರಾದ ಕಾರ್ಖಾನೆಗಳ ತ್ಯಾಜ್ಯವನ್ನು ಖಂಭಾತ ಕೊಲ್ಲಿಯವರೆಗೆ ಒಯ್ಯಲು 1983ರಲ್ಲಿ ಸುಮಾರು 55 ಕಿಲೋಮೀಟರ್ ಉದ್ದದ ಕಾಲುವೆ ತೆರೆದ ರಾಜ್ಯವಿದು. 2021ರಲ್ಲಿ ಸಾಬರಮತಿಯ ಮಾಲಿನ್ಯವನ್ನು ಗುಜರಾತ್ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ನಗರವಿದು. ನೆಲದಡಿಯ ಸವಾರಿಯ ಬಗ್ಗೆ ಇಲ್ಲಿಯವರು ಎಚ್ಚರದಿಂದಿರಬೇಕಾದ ಕಾರಣ ಉಳಿದವರಿಗಿಂತ ಹೆಚ್ಚು.

ಸವಾರಿಯ ಗುಟ್ಟನ್ನು ನಮ್ಮ ಅನುಕೂಲಕ್ಕೂ ತಿರುಗಿಸಬಹುದು. ಕಾಲರಾದ ರೋಗಾಣು ಹೆಚ್ಚಾಗಿ ನೀರಿನ ಕಿರುಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರಾಗಿ ಮಡಿಚಿ ನೀರು ಸೋಸಿದಾಗ ಕಾಲರಾ ಶೇ 48ರಷ್ಟು ಇಳಿಯಿತೆಂದು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಬಟ್ಟೆಯ ಕಣ್ಣು ರೋಗಾಣುವಿಗಿಂತ ಎಷ್ಟೋ ದೊಡ್ಡದು; ಸಿಕ್ಕಿಬಿದ್ದದ್ದು ಕುದುರೆ, ಜೊತೆಗೆ ಸವಾರನೂ ಬಿದ್ದ. ಬಿಂದಿಗೆಯ ಬಾಯಿಗೆ ಕಟ್ಟಿದ ಸೀರೆಯ ತುಂಡು ಕೇವಲ ಮಡಿಯ ಲಕ್ಷಣವಾಗಿರಲಿಲ್ಲ.

ತವರಿನಲ್ಲೂ ಇದೇ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದ್ದಿದೆ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಏರಿತು, ಬತ್ತಿದ ಕೊಳವೆಬಾವಿಗಳಿಗೆ ಜೀವ ಬಂತು. ಬರದ ನಾಡಿನ ರೈತನ ಆ ಸಂತೋಷವನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿಯ ಜನ ಕೇಳುತ್ತಲೇ ಇದ್ದಾರೆ. ಆ ಮೂರನೆಯ ಹಂತವನ್ನು ಕೆರೆಯ ತಳದ ಮಣ್ಣಿಗೆ ಬಿಟ್ಟುಕೊಡಲಾಗಿದೆ. ಮಣ್ಣು ಬಹುಪಾಲನ್ನು ಮಾಡೀತು. ಉಳಿದ ಪಾಲನ್ನು ಯಾರು ಅಳೆಯುತ್ತಾರೆ, ಎಷ್ಟು ದಿನಕ್ಕೊಮ್ಮೆ ಅಳೆಯುತ್ತಾರೆ, ಅಳೆದದ್ದನ್ನು ಊರ ಚಾವಡಿಯಲ್ಲಿ ಹಚ್ಚುತ್ತಾರೆಯೇ ಎಂದು ಕೇಳುವುದು ಯೋಜನೆಗೆ ವಿರೋಧವಲ್ಲ.

ಇಷ್ಟೆಲ್ಲ ಎಣಿಸುತ್ತ ಕುಳಿತರೆ ನೀರು ಇಂಗಿಸುವವರು ಯಾರು ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಆಕ್ಷೇಪವೇ. ಅಹಮದಾಬಾದಿನ ಕೊಳವೆಬಾವಿಗಳು ನೂರಾರು ಅಡಿ ಇಳಿದಿವೆ. ಇಲ್ಲಿಂದ ಉತ್ತರಕ್ಕೂ ಪಶ್ಚಿಮಕ್ಕೂ ಇರುವ ಆಳದ ನೀರಿನ ವಯಸ್ಸನ್ನು ಇದೇ ನಗರದ ಭೌತಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಅಳೆದು, ಅದು ಕೆಲವೆಡೆ ಹತ್ತಾರು ಸಾವಿರ ವರ್ಷ ಹಳೆಯದೆಂದು ಕಂಡಿದ್ದಾರೆ. ಅಂತಹ ನೀರನ್ನು ಎತ್ತಿ ಸ್ನಾನ ಮಾಡುವ ನಾವು ಹಿಂದಿರುಗಿ ಏನನ್ನೂ ಕೊಡದಿರುವುದು ಸಲ್ಲದು. ಇಂಗಿಸಲೇಬೇಕು. ಆದರೆ ಕೆಟ್ಟ ನದಿಯನ್ನು ಒಂದೆರಡು ಮಳೆಗಾಲ ತೊಳೆಯಬಹುದು, ಕೆಟ್ಟ ಜಲಪದರವನ್ನು ತೊಳೆಯುವ ಮಳೆ ಇಲ್ಲ. ಅಲ್ಲಿ ಬಿಸಿಲಿಲ್ಲ, ನೀರಿನ ನಡೆ ಬಸವನಹುಳುವಿಗಿಂತ ನಿಧಾನ. ಮರಳಿನ ಗುಂಡಿಯನ್ನು ವರ್ಷಕ್ಕೊಮ್ಮೆ ಸಲಿಕೆಯಿಂದ ಎತ್ತಿ ತೊಳೆಯಲು ಎರಡು ಆಳು ಸಾಕು; ಮುನ್ನೂರು ಅಡಿಯ ಕೆಳಗೆ ಸಲಿಕೆ ಹಾಕುವವರು ಯಾರೂ ಇಲ್ಲ.

ಪರಿಹಾರ ಈ ಊರಿನಲ್ಲಿಯೇ ಇದೆ. ಹಳೆಯ ಅಹಮದಾಬಾದಿನ ಪೋಳಗಳ ಮನೆಗಳಲ್ಲಿ ಅಂಗಳದ ಕೆಳಗೆ 'ಟಾಂಕಾ' ಎಂಬ ಮಳೆನೀರಿನ ತೊಟ್ಟಿಗಳಿವೆ. ಮೊದಲ ಮಳೆಗೆ ತಾರಸಿ ತೊಳೆದುಹೋಗಲೆಂದು ಬಿಟ್ಟು, ಅನಂತರವೇ ತೊಟ್ಟಿಯ ಬಾಯಿ ತೆರೆಯುವುದು ಆ ಮನೆಗಳ ವಾಡಿಕೆ. ವೇದಾವತಿಯ ಅಜ್ಜಿಯೂ ಪೋಳದ ಬಾ ಕೂಡ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ನಿಯಮ ಪಾಲಿಸಿದ್ದರು: ಮೊದಲ ನೀರನ್ನು ಚೆಲ್ಲು, ಆಮೇಲಿನದನ್ನು ನಿಧಾನವಾಗಿ ತುಂಬಿಕೋ. ಮೊದಲ ನೀರಿನಲ್ಲಿಯೇ ಕಣಗಳು ಹೆಚ್ಚು, ಸವಾರರೂ ಹೆಚ್ಚು.

ಈ ವರ್ಷದ ಸಭೆಗೆ ನಾವು ಒಂದು ಅರ್ಜಿ ಒಯ್ದೆವು. ನೆರೆಯ ಬೇನ್ ಒಬ್ಬರು ನಮ್ಮ ಗುಜರಾತಿಯನ್ನು ತಿದ್ದಿಕೊಟ್ಟರು. ಬೇಡಿಕೆಗಳು ನಾಲ್ಕು. ವಾಹನದ ಅಂಗಳದ ನೀರು ಕೊಳವೆಗೆ ಹೋಗಕೂಡದು. ಅದರಲ್ಲಿ ಟೈರಿನ ಪುಡಿ, ಎಣ್ಣೆ ಇರುತ್ತದೆ, ಅದು ಗಿಡಗಳ ಪಾತಿಗೆ ಹೋಗಲಿ. ತಾರಸಿಯ ನೀರಿಗೆ ಮೊದಲ ಮಳೆಯನ್ನು ಹೊರಬಿಡುವ ಕವಾಟ ಇರಲಿ. ಕೊಳವೆಗೆ ಮುಂಚೆ ಒಂದು ಹೂಳುಗುಂಡಿ, ಅದರಾಚೆ ಆಳೆತ್ತರದ ಮರಳಿನ ಹಾಸು ಇರಲಿ. ಆ ಮರಳನ್ನು ಪ್ರತಿ ವೈಶಾಖದಲ್ಲಿ ತೆಗೆದು ತೊಳೆಯಲಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಾವಿಯ ನೀರನ್ನು ಪರೀಕ್ಷಿಸಿ ವರದಿಯನ್ನು ಲಿಫ್ಟಿನ ಬಳಿ ಹಚ್ಚಲಿ. ಕುಡಿಯುವ ನೀರಿನ ಕದಡಿಗೆ ಭಾರತೀಯ ಮಾನಕ ಇಟ್ಟಿರುವ ಅಪೇಕ್ಷಿತ ಮಿತಿ 1 ಎನ್‌ಟಿಯು. ಬೇರೆ ನೀರು ಇಲ್ಲದಿದ್ದಾಗ 5. ನೂರು ಮಿಲಿಲೀಟರಿನಲ್ಲಿ ಇ-ಕೋಲಿ ಒಂದೂ ಇರಕೂಡದು. ಈ ಅಂಕಿಗಳಲ್ಲಿ ಒಂದನ್ನೂ ಬರಿಗಣ್ಣು ಅಳೆಯಲಾರದು.

ಕಳೆದ ವರ್ಷ ಕೈ ಎತ್ತಿದ್ದ ಹಿರಿಯರು ಅರ್ಜಿಯನ್ನು ಎರಡು ಸಲ ಓದಿದರು. "ಭಾಯಿ, ಟಾಂಕಾದ ಮಾತು ನಿಜ. ನಮ್ಮ ಬಾ ಹಾಗೆಯೇ ಮಾಡುತ್ತಿದ್ದರು" ಎಂದರು. ಮೊದಲ ಮೂರಕ್ಕೆ ಒಪ್ಪಿಗೆ ಸಿಕ್ಕಿತು. ಪರೀಕ್ಷೆಯ ಖರ್ಚನ್ನು ಮುಂದಿನ ಸಭೆಗೆ ತಳ್ಳಲಾಯಿತು. ಅಲ್ಲಿಯವರೆಗೆ ನಮ್ಮ ಸಾಲಿನ ಆರು ಮನೆಗಳು ಸೇರಿ ಹಣ ಹಾಕುತ್ತೇವೆ. ಈ ಪುಟವನ್ನು ಪುಣೆಯಲ್ಲೋ ದೆಹಲಿಯಲ್ಲೋ ಕುಳಿತು ಓದುತ್ತಿರುವ ಕನ್ನಡ ಬಂಧುಗಳಲ್ಲಿ ನಮ್ಮ ಬಿನ್ನಹವೂ ಇಷ್ಟೇ: ನಿಮ್ಮ ಸೊಸೈಟಿಯ ಇಂಗುಕೊಳವೆಯ ಬಾಯಲ್ಲಿ ಏನಿದೆ ಎಂದು ಒಮ್ಮೆ ಬಗ್ಗಿ ನೋಡಿ, ಸಭೆಯಲ್ಲಿ ಕೇಳಿ. ನೀರು ಕುಡಿಯುವವರೆಲ್ಲರೂ ಆ ಊರಿನವರೇ.

ಕವಾಟ ಕೂಡಿಸಿಯಾಗಿದೆ. ಮೊದಲ ಮಳೆಯ ದಿನ ಅದನ್ನು ಹೊರಕ್ಕೆ ತಿರುಗಿಸಿಟ್ಟು, ತಾರಸಿ ತೊಳೆದುಹೋದ ಮೇಲೆ ಒಳಕ್ಕೆ ತಿರುಗಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಜೂನ್ ಆರಂಭದಿಂದಲೇ ಛತ್ರಿಯನ್ನು ಬಾಗಿಲ ಬಳಿ ಇಟ್ಟುಕೊಂಡಿದ್ದೇವೆ.